ಕರೆಂಟ್ ಉಳಿಸುವ ಡಬ್ಬಿ: ಹಸಿರು ದೀಪಕ್ಕೆ ಮರುಳಾಗಬೇಡಿ

ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಬಿಲ್ ಅರ್ಧಕ್ಕಿಳಿಯುತ್ತೆ ಅಂತ ಮಾರುತ್ತಾರಲ್ಲ ಆ ಪುಟ್ಟ ಬಿಳಿ ಡಬ್ಬಿ, ದಯವಿಟ್ಟು ತಗೋಬೇಡಿ. ಪವರ್ ಫ್ಯಾಕ್ಟರ್ ಅಂದರೇನು (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) ಅಂತ ಗೊತ್ತಿದ್ದೂ ತಗೊಂಡೆ. ಅದೇ ನಾಚಿಕೆ.

ನನ್ನನ್ನ ಬೀಳಿಸಿದ್ದು ಮಾರೋನು ತೋರಿಸಿದ ಡೆಮೊ. ಹಲಗೆ ಮೇಲೆ ಒಂದು ಸಣ್ಣ ಮೋಟರ್, ಹಲಗೆಗೆ ಕರೆಂಟ್ ತರುವ ಒಂದು ತಂತಿಗೆ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ). ಮೋಟರ್ ತಿರುಗುವಾಗ 0.45 ಆಂಪಿಯರ್. ಪಕ್ಕದ ಸಾಕೆಟ್ಟಿಗೆ ಡಬ್ಬಿ ಹಾಕಿದ ತಕ್ಷಣ 0.21. ಮೋಟರಿನ ವೇಗ ಒಂಚೂರೂ ಇಳಿದಿಲ್ಲ. "ನೋಡಿ ಸರ್, ಮೀಟರ್ ಸುಳ್ಳು ಹೇಳುತ್ತಾ?"

ಸುಳ್ಳು ಹೇಳಲಿಲ್ಲ. ಆದರೆ ಅದು ತೋರಿಸಿದ್ದು ಆಂಪಿಯರ್, ಬಿಲ್ ಬರೋದು ಯೂನಿಟ್ಟಿಗೆ, ಅಂದರೆ ಎಷ್ಟು ವಾಟ್ ಎಷ್ಟು ಹೊತ್ತು ಅನ್ನೋ ಲೆಕ್ಕಕ್ಕೆ. ಹಲಗೆ ಮೇಲೆ ವಾಟ್ ಮೀಟರ್ ಯಾಕಿಲ್ಲ ಅನ್ನೋ ಪ್ರಶ್ನೆ ಆ ಹೊತ್ತಿಗೆ ಹೊಳೆಯಲೇ ಇಲ್ಲ!

ಲೋಡ್ ಇಲ್ಲದೆ ಖಾಲಿ ತಿರುಗುವ ಅಂಥ ಮೋಟರಿನ ಪವರ್ ಫ್ಯಾಕ್ಟರ್ 0.35 ಅಂತಿಟ್ಟುಕೊಳ್ಳಿ. 230 ವೋಲ್ಟ್ × 0.45 ಆಂಪಿಯರ್ × 0.35, ಸುಮಾರು 36 ವಾಟ್. ಮಿಕ್ಕಿದ್ದು ಕಾಯಿಲ್‌ಗೂ ಲೈನಿಗೂ ನಡುವೆ ಸುಮ್ಮನೆ ಹೋಗಿ ಬರುವ ಕರೆಂಟ್. ಕೆಲಸವನ್ನೂ ಮಾಡಲ್ಲ, ಸಾಮಾನ್ಯವಾಗಿ ಮನೆ ಬಿಲ್ಲಿಗೂ ಸೇರಲ್ಲ. ಪಕ್ಕದಲ್ಲೊಂದು ಕೆಪಾಸಿಟರ್ (ಚಾರ್ಜ್ ತುಂಬಿಕೊಂಡು ಮತ್ತೆ ಬಿಡುವ ಬಿಡಿಭಾಗ, ಡಬ್ಬಿಯೊಳಗೆ ಇರೋದು ಇದೇ) ಇಟ್ಟರೆ ಆ ಓಡಾಟ ಬಹುಪಾಲು ಕಾಯಿಲ್‌ಗೂ ಕೆಪಾಸಿಟರಿಗೂ ಮಧ್ಯೆಯೇ ಮುಗಿದುಹೋಗುತ್ತೆ, ಕ್ಲ್ಯಾಂಪ್ ಕಡಿಮೆ ತೋರಿಸುತ್ತೆ. ವಾಟ್ ಮಾತ್ರ ಮೊದಲೂ 36, ಆಮೇಲೂ 36. ಕೆವಿಎ (ವಾಟ್ ಅಲ್ಲ, ವೋಲ್ಟ್ × ಆಂಪಿಯರ್) ಲೆಕ್ಕದಲ್ಲಿ ಬಿಲ್ ಕಟ್ಟುವ ಕಾರ್ಖಾನೆಗಳಿಗೆ ಕೆಪಾಸಿಟರಿಂದ ಲಾಭ ಉಂಟು, ಆ ಅರ್ಧ ಸತ್ಯವನ್ನೇ ತಂದು ಮನೆಗೆ ಅಂಟಿಸುತ್ತಾರೆ. ತಂತಿಯಲ್ಲಿ ಆಗುವ ನಷ್ಟವಾದರೂ ತಗ್ಗುತ್ತಲ್ಲ ಅಂತೀರಾ? ವೈರಿಂಗ್ ಅರ್ಧ ಓಮ್ ಇದ್ದರೆ ಉಳಿಯೋದು 0.08 ವಾಟ್. ಡಬ್ಬಿಯ ಹಸಿರು ದೀಪ ನಡೆಸೋಕೂ ಸಾಲದು.

ಬಿಲ್ ಇಳಿಯಲಿಲ್ಲ. ಫೋನ್ ಮಾಡಿದರೆ, "ಮೊದಲ ತಿಂಗಳು ಅದು ನಿಮ್ಮ ಮನೆ ಲೋಡನ್ನ ಅರ್ಥ ಮಾಡಿಕೊಳ್ಳುತ್ತೆ ಸರ್." ಏನು ಅರ್ಥ ಮಾಡಿಕೊಳ್ಳೋದು, ಅದರೊಳಗೆ ಒಂದು ಚಿಪ್ ಕೂಡ ಇಲ್ಲ. ಎರಡನೇ ಸಲ, "ಮೀಟರ್ ಹತ್ತಿರದ ಪ್ಲಗ್ಗಿಗೆ ಹಾಕಿ." ಮೂರನೇ ಸಲ, "ನಿಮ್ಮ ಮನೆಗೆ ಒಂದು ಸಾಲದು, ಇನ್ನೊಂದು ತಗೊಳ್ಳಿ." ಇನ್ನೊಂದಂತೆ!

ಪೂರ್ತಿ ಮೈ ಉರಿದಿದ್ದು ರಾತ್ರಿ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಮೇನ್ ತಂತಿಗೆ ಕ್ಲ್ಯಾಂಪ್ ಹಾಕಿದರೆ ಸೊನ್ನೆ. ಡಬ್ಬಿ ಸಿಕ್ಕಿಸಿದೆ, 0.29 ಆಂಪಿಯರ್. ಕರೆಂಟ್ ಇಳಿಸಬೇಕಾದ ಡಬ್ಬಿ ತಾನೇ ಕರೆಂಟ್ ಎಳೀತಿದೆ! ಬಿಚ್ಚಿದರೆ ಒಳಗೆ ಒಂದು ಫ್ಯೂಸ್, ನಾಲ್ಕು ಡಯೋಡ್, ಒಂದು ರೆಸಿಸ್ಟರ್, ಎಲ್‌ಇಡಿ, 4 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಷ್ಟೇ. 50 ಹರ್ಟ್ಸ್‌ನಲ್ಲಿ 230 × 314 (ಅಂದರೆ 2π × 50) × 4 ಮೈಕ್ರೋಫ್ಯಾರಡ್, ಲೆಕ್ಕ ಸರಿಯಾಗಿ 0.29. ಹಸಿರು ದೀಪಕ್ಕೂ ಉಳಿತಾಯಕ್ಕೂ ಸಂಬಂಧವೇ ಇಲ್ಲ, ಪ್ಲಗ್ಗಿನಲ್ಲಿ ಕರೆಂಟ್ ಇದೆ ಅಂತಷ್ಟೇ ಅದು ಹೇಳೋದು. ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳ ಪವರ್ ಫ್ಯಾಕ್ಟರ್ ಹೇಗೂ 1, ಅಲ್ಲಿ ಸರಿಪಡಿಸೋಕೆ ಏನಿದೆ?

ಇನ್ನೊಂದು, ಇದು ಮುಖ್ಯ. ಕೆಪಾಸಿಟರಿಗೆ ಅಡ್ಡಲಾಗಿ ಚಾರ್ಜ್ ಇಳಿಸುವ ರೆಸಿಸ್ಟರ್ ಹಾಕಿರಲಿಲ್ಲ. ಅಂಥದ್ದನ್ನ ಕಿತ್ತ ಮೇಲೂ ಪಿನ್ನುಗಳಲ್ಲಿ 325 ವೋಲ್ಟ್‌ವರೆಗೆ ಉಳಿದಿರಬಹುದು. ಪಿನ್ ಮುಟ್ಟಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.

ಈಗಾಗಲೇ ತಗೊಂಡಿದ್ದರೆ ಹೀಗೆ ಮಾಡಿ. ಬೇರೆಲ್ಲ ಆರಿಸಿ 75 ವಾಟ್ ಫ್ಯಾನ್ ಒಂದನ್ನೇ ಪೂರ್ತಿ ವೇಗದಲ್ಲಿ ಬಿಡಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಮಿನುಗು ಅಂತ ಬರೆದಿದ್ದರೆ ಅದರ ಕೆಂಪು ದೀಪ 15 ನಿಮಿಷಕ್ಕೆ 60 ಸಲದ ಹತ್ತಿರ ಮಿನುಗುತ್ತೆ. ಡಬ್ಬಿ ಹಾಕಿ ಮತ್ತೆ ಎಣಿಸಿ. ವೋಲ್ಟೇಜ್ ಏರಿಳಿತಕ್ಕೆ ಒಂದೆರಡು ಆಚೀಚೆ ಆಗಬಹುದು, ಅರ್ಧ ಆಗಲ್ಲ. ಎರಡನ್ನೂ ವಿಡಿಯೋ ಮಾಡಿಟ್ಟುಕೊಂಡು ದುಡ್ಡು ವಾಪಸ್ ಕೇಳಿ.

ಡಬ್ಬಿ ಮಾತ್ರ ಬಿಚ್ಚಬೇಡಿ. ಒಳಗೆ ಏನಿದೆ ಅಂತ ಫೋಟೋ ಸಮೇತ ಕಳಿಸಿದ್ದಕ್ಕೆ ನನಗೆ ಬಂದ ಉತ್ತರ: "ಓಪನ್ ಮಾಡಿದ್ರಾ ಸರ್? ಹಾಗಾದ್ರೆ ವಾರಂಟಿ ಹೋಯ್ತು."