ಸಂಘಗಳು ಮಾತುಕತೆಗೆ ಒಟ್ಟಿಗೆ ಕೂರಬೇಕಾ, ಬೇರೆ ಬೇರೆಯಾಗಾ?

ನಿರ್ಮಾಪಕರ ಜೊತೆ ಒಪ್ಪಂದಕ್ಕೆ ಎರಡು ಸಂಘಗಳು ಒಟ್ಟಿಗೆ ಹೋಗೋದು ಒಳ್ಳೆಯದಾ ಅಂತ ಕೇಳಿದ್ದೀರಿ. ಹಾಲಿವುಡ್‌ನಲ್ಲಿ ಎರಡೂ ರೀತಿ ನಡೆದಿದೆ.

ಬೇಡಿಕೆ ಒಂದೇ ಆಗಿದ್ದರೆ ಒಟ್ಟಿಗೆ ಕೂರೋದೇ ಸರಿ. 2024ರ ಮಾರ್ಚ್‌ನಲ್ಲಿ ತಂತ್ರಜ್ಞರ ಸಂಘವೂ ಚಾಲಕರ ಟೀಮ್‌ಸ್ಟರ್ಸ್ ಸಂಘವೂ ಒಂದೇ ಮೇಜಿಗೆ ಬಂದವು. ಕಾರಣ ಸರಳ: ಇಬ್ಬರ ಪಿಂಚಣಿ, ಆರೋಗ್ಯ ನಿಧಿ ಒಂದೇ. ಸಂಬಳದ ಮಾತನ್ನು ಮಾತ್ರ ಆಮೇಲೆ ಅವರವರೇ ಆಡಿಕೊಂಡರು. ನನಗೆ ಇದು ಜಾಣತನ ಅನಿಸುತ್ತದೆ.

ಬೇಡಿಕೆ ಬೇರೆಯಾದರೆ ಒಂದೇ ಮೇಜು ತಲೆನೋವು. 2023ರಲ್ಲಿ ಒಂದು ಶೋಗೆ ಕನಿಷ್ಠ ಇಷ್ಟು ಜನ ಬರಹಗಾರರು ಬೇಕು ಅಂತ ಬರಹಗಾರರು ಪಟ್ಟು ಹಿಡಿದಿದ್ದರು. ನಟರಿಗೋ, ಮನೆಯಲ್ಲೇ ಆಡಿಷನ್ ವಿಡಿಯೊ ಮಾಡಿ ಕಳಿಸುವ ಕಾಟ! ಹಾಗಾಗಿ ಮಾತುಕತೆ ಬೇರೆ ಬೇರೆ, ಬೀದಿ ಮಾತ್ರ ಒಂದೇ. ಬರಹಗಾರರ ಮುಷ್ಕರ 148 ದಿನ, ನಟರದು 118 ದಿನ. ಇಬ್ಬರೂ ಒಂದೇ ಹೊತ್ತಿಗೆ ಕೆಲಸ ನಿಲ್ಲಿಸಿದ್ದು 1960ರ ನಂತರ ಅದೇ ಮೊದಲು.

ಖರ್ಚಿನ ಲೆಕ್ಕ ಹಾಕಿದರೆ ನಿರ್ದೇಶಕರ ದಾರಿ ಅಗ್ಗ. ಅವರು ಜೂನ್‌ನಲ್ಲೇ ಒಬ್ಬರೇ ಹೋಗಿ ಒಪ್ಪಂದ ಮುಗಿಸಿಕೊಂಡರು. ಮುಷ್ಕರ ನಿಧಿ ಚಿಕ್ಕದಾಗಿದ್ದರೆ ಇದೂ ತಪ್ಪಲ್ಲ. ಆದರೆ ಪಕ್ಕದ ಸಂಘದವರ ಮುನಿಸು ಗ್ಯಾರಂಟಿ.

ಮೊದಲು ಇಬ್ಬರ ಒಪ್ಪಂದವೂ ಯಾವಾಗ ಮುಗಿಯುತ್ತದೆ ನೋಡಿ. ಅವಧಿ ಇರುವಾಗ ಮುಷ್ಕರ ಮಾಡುವಂತಿಲ್ಲ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಆಗ ಉಳಿಯೋದು ಪಕ್ಕದ ಸಂಘದ ಮುಷ್ಕರಕ್ಕೆ ಸಣ್ಣ ಸಹಾಯ ಅಷ್ಟೇ. ಟೀಮ್‌ಸ್ಟರ್ಸ್ ಒಪ್ಪಂದದಲ್ಲಿ ಅದಕ್ಕೂ ಜಾಗವಿತ್ತು. 2023ರಲ್ಲಿ ಸ್ಟುಡಿಯೊ ಗೇಟಿನ ಮುಂದೆ ಫಲಕ ಹಿಡಿದ ಮುಷ್ಕರದವರನ್ನು ಕಂಡು ಎಷ್ಟೋ ಚಾಲಕರು ಲಾರಿ ತಿರುಗಿಸಿಕೊಂಡು ವಾಪಸ್ ಹೋದರು.