ಊದಿದ್ದು, ಅಂಟಿಸಿದ್ದು, ಒರೆಸಿದ್ದು: ಸೆನ್ಸರ್ ಧೂಳಿನ ಜತೆ ಎರಡು ತಿಂಗಳು

ಜನವರಿಯಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿದ್ದೆ. ಹಕ್ಕಿ ಕಾಣಲಿಲ್ಲ, ಆಕಾಶ ಚೆನ್ನಾಗಿತ್ತು, ಅದನ್ನೇ ಎಫ್ 16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ, ತೆಗೆದೆ. ಮನೆಗೆ ಬಂದು ನೋಡಿದರೆ ನೀಲಿ ಆಕಾಶದ ತುಂಬ ಬೂದು ಚುಕ್ಕೆ. ಎಲ್ಲ ಫೋಟೊದಲ್ಲೂ ಅದೇ ಜಾಗದಲ್ಲಿ. ಲೆನ್ಸ್ ಬದಲಿಸಿದರೂ ಹೋಗಲಿಲ್ಲ. ಅಂದರೆ ಧೂಳು ಕ್ಯಾಮೆರಾದ ಒಳಗೆ, ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರ್ ಮೇಲೆ.

ನಮ್ಮ ಮನೆ ಬನ್ನೇರುಘಟ್ಟ ರಸ್ತೆ ಪಕ್ಕ. ಮೆಟ್ರೊ ಕೆಲಸ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ದೊಡ್ಡಪ್ಪನಿಗೆ ಹೇಳಿದರೆ ನಕ್ಕರು: "ನಮ್ಮ ಕಾಲದಲ್ಲಿ ಈ ರಗಳೆ ಇರ್ಲಿಲ್ಲ ಕಣೋ. ಒಂದು ಫೋಟೊಗೆ ಧೂಳು ಬಿದ್ರೆ, ಫಿಲ್ಮ್ ತಿರುಗಿಸಿದಾಗ ಅದೂ ಜತೆಗೇ ಹೋಗ್ತಿತ್ತು." ನಿಜ. ಸೆನ್ಸರ್ ಮಾತ್ರ ಕೂತಲ್ಲೇ ಕೂತಿರುತ್ತದೆ.

ಯಾವುದು ಎಷ್ಟು ಕೆಲಸ ಮಾಡುತ್ತದೆ ಅಂತ ಎಣಿಸಿಯೇ ನೋಡೋಣ ಅನ್ನಿಸಿತು. ಐಎಸ್ಒ 100, ಎಫ್ 22, ಫೋಕಸ್ ಬೇಕಂತಲೇ ತಪ್ಪಿಸಿ, ಲ್ಯಾಪ್‌ಟಾಪಿನ ಖಾಲಿ ಬಿಳಿ ಪರದೆಯ ಫೋಟೊ. ಅದರಲ್ಲಿ ಕಂಡ ಚುಕ್ಕೆಗಳ ಲೆಕ್ಕ. ಧೂಳು ಕೂರುವುದು ಸೆನ್ಸರಿನ ಮುಂದಿನ ತೆಳು ಗಾಜಿನ ಮೇಲೆ. ಕಿಂಡಿ ಕಿರಿದಾದಷ್ಟೂ ಅದರ ನೆರಳು ಚೂಪಾಗುತ್ತದೆ. ಕಿಂಡಿ ದೊಡ್ಡದಿರುವ ಎಫ್ 5.6ರಲ್ಲಿ ಅದೇ ಧೂಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನನ್ನದು ನಿಕಾನ್ ಡಿ7200. ಮೊದಲ ದಿನ 23 ಚುಕ್ಕೆ.

ಮೊದಲು ಕ್ಯಾಮೆರಾದೊಳಗಿನ ಕ್ಲೀನಿಂಗ್. ಇದು 2003ರ ಒಲಿಂಪಸ್ ಇ-1 ಕ್ಯಾಮೆರಾ ಕಾಲದಿಂದ ಇರುವ ಉಪಾಯ: ಗಾಜನ್ನು ಗಡಗಡ ನಡುಗಿಸಿ ಧೂಳು ಉದುರಿಸುವುದು. ಹತ್ತು ಸಲ ಓಡಿಸಿದೆ. 23 ಇದ್ದದ್ದು 21. ಆಗಷ್ಟೇ ಕೂತ ಹಗುರ ಧೂಳಿಗೆ ಇದು ಸರಿ, ತಿಂಗಳುಗಟ್ಟಲೆ ಕೂತಿದ್ದಕ್ಕೆ ಅಲ್ಲ.

ಆಮೇಲೆ ಬ್ಲೋವರ್, ಅಂದರೆ ಹಿಚುಕಿ ಗಾಳಿ ಊದುವ ಬುರುಡೆ. ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿದ ರಬ್ಬರ್ ಬುರುಡೆ ತಂದು ನೇರ ಒಳಗೇ ಊದಿಬಿಟ್ಟೆ. ಚುಕ್ಕೆ 21ರಿಂದ 38ಕ್ಕೆ ಏರಿತು! ರಬ್ಬರ್ ಒಂದಕ್ಕೊಂದು ಅಂಟದಿರಲಿ ಅಂತ ಒಳಗೆ ಪೌಡರ್ ಹಾಕಿದ್ದರು, ಅದೆಲ್ಲ ಸೆನ್ಸರ್ ಮೇಲೆ. ಮರುದಿನ 400 ರೂಪಾಯಿ ಕೊಟ್ಟು ರಾಕೆಟ್ ಆಕಾರದ್ದು ತಂದೆ. ಇದು ಗಾಳಿಯನ್ನು ಹಿಂದಿನ ಕವಾಟದಿಂದ ಎಳೆಯುತ್ತದೆ, ಮೂತಿಯಿಂದ ಅಲ್ಲ. ಹಾಗಾಗಿ ಹೊರಗೆ ಊದಿದ ಧೂಳನ್ನೇ ಮತ್ತೆ ನುಂಗಿ ಉಗುಳುವುದಿಲ್ಲ. ಫ್ಯಾನ್ ಆರಿಸಿ, ಮೆನುವಿನಲ್ಲಿ ಸೆನ್ಸರಿನ ಮುಂದಿರುವ ಕನ್ನಡಿ ಮೇಲೆತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹದಿನೈದು ಸಲ ಊದಿದೆ. 38 ಇದ್ದದ್ದು 9ಕ್ಕೆ ಇಳಿಯಿತು. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ನಡುವೆ ಮುಗಿದರೆ ಕನ್ನಡಿ ಧಪ್ಪನೆ ಬೀಳುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಕಂಪ್ಯೂಟರಿಗೆ ಹೊಡೆಯುವ ಗಾಳಿ ಡಬ್ಬಿಯಂತೂ ಬೇಡವೇ ಬೇಡ. ಅದರೊಳಗಿನ ದ್ರವ ಗಾಜಿನ ಮೇಲೆ ಚಿಮ್ಮಿದರೆ ಕಲೆ.

ಉಳಿದ 9 ಚುಕ್ಕೆ ಊದಿದರೆ ಜಗ್ಗುವ ಜಾತಿಯಲ್ಲ. ಪರಾಗವೋ, ಶಟರಿನ ಎಣ್ಣೆಯ ಹನಿಯೋ, ಒಣಗಿದ ತೇವವೋ. ಇದಕ್ಕೆ ಒದ್ದೆ ಸ್ವಾಬ್, ಅಂದರೆ ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ. ನಾನು ಅತಿ ಹೆಚ್ಚು ಹೆದರಿದ್ದು ಇದಕ್ಕೇ. ಒಂದು ವಾರ ಪೊಟ್ಟಣ ಬೀರುವಿನಲ್ಲೇ ಇತ್ತು. ಕೊನೆಗೊಂದು ಭಾನುವಾರ, ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ಆರುವ ತನಕ ಕಾದೆ. ಗಾಳಿಯಲ್ಲಿದ್ದ ಧೂಳು ಕೆಳಗಿಳಿಯಲಿ ಅಂತ. ಹೆಂಡತಿ ಬಾಗಿಲು ಬಡಿದು "ಆಪರೇಷನ್ ಮುಗೀತೇನ್ರೀ?" ಅಂದಳು.

ನನ್ನ ಸೆನ್ಸರ್ 23.5 ಮಿಲಿಮೀಟರ್ ಅಗಲ, 15.6 ಎತ್ತರ. ಸ್ವಾಬ್ 16 ಮಿಲಿಮೀಟರಿನದು. ಅಂದರೆ ಒಂದೇ ಎಳೆತದಲ್ಲಿ ಮೇಲಿಂದ ಕೆಳತನಕ ಮುಚ್ಚುತ್ತದೆ. ಫುಲ್ ಫ್ರೇಮ್, ಅಂದರೆ ಇದಕ್ಕಿಂತ ದೊಡ್ಡ ಸೆನ್ಸರ್, ಇರುವವರು 24ರದ್ದು ತರಬೇಕು. ಎಡದಿಂದ ಬಲಕ್ಕೆ ಒಂದು ಬದಿ, ಹಾಗೇ ಹೊರಳಿಸಿ ಬಲದಿಂದ ಎಡಕ್ಕೆ ಇನ್ನೊಂದು ಬದಿ, ಅಷ್ಟೇ. ಅದನ್ನು ಮತ್ತೆ ಬಳಸಬಾರದು. ಮೊದಲ ಸಲ ಸ್ವಾಬಿಗೆ ಕ್ಲೀನಿಂಗ್ ದ್ರವ ನಾಲ್ಕು ಹನಿ ಹಾಕಿ ತಪ್ಪು ಮಾಡಿದೆ. ಚುಕ್ಕೆ ಹೋಗಿ ಅಡ್ಡಗೆರೆ ಬಂತು. ಎರಡನೆಯದಕ್ಕೆ ಎರಡೇ ಹನಿ. ಕೈ ನಡುಗುತ್ತಿತ್ತು, ಆದರೂ ಉಳಿದದ್ದು 1. ದೋಸೆ ಹೆಂಚು ಒರೆಸಿದಷ್ಟೇ ಸುಲಭ ಅಂತ ಹೇಳುವುದಿಲ್ಲ. ಆದರೆ ಜನ ಹೆದರಿಸುವಷ್ಟು ಕಷ್ಟವಂತೂ ಅಲ್ಲ. ಒಂದು ಎಚ್ಚರ: ಮೊದಲು ಊದದೆ ಒರೆಸಬೇಡಿ. ಮರಳಿನ ಕಣವೇನಾದರೂ ಇದ್ದರೆ ಗಾಜಿನ ಮೇಲೆ ಗೀರು ಗ್ಯಾರಂಟಿ.

ಜೆಲ್ ಸ್ಟಿಕ್ ಪ್ರಯೋಗಕ್ಕೆ ಮತ್ತೆ ಧೂಳು ಬೇಕಿತ್ತಲ್ಲ, ಎರಡು ಸಲ ಹೆಸರಘಟ್ಟಕ್ಕೆ ಹೋಗಿ ಬಂದೆ. 14 ಚುಕ್ಕೆ ಸಿಕ್ಕವು. ಕಡ್ಡಿಯ ತುದಿಯ ಅಂಟನ್ನು ಒತ್ತಿ, ಎತ್ತಿ, ಜತೆಗೆ ಕೊಟ್ಟ ಅಂಟು ಕಾಗದಕ್ಕೆ ತಾಗಿಸಿ, ಮತ್ತೆ ಒತ್ತಬೇಕು. ಒಣ ಧೂಳನ್ನು ಚೆನ್ನಾಗಿಯೇ ಎತ್ತಿತು, 5 ಉಳಿಯಿತು. ಆದರೆ ಅಷ್ಟು ಕೆಲಸ ಬ್ಲೋವರೂ ಮಾಡುತ್ತದಲ್ವಾ? ಎಣ್ಣೆ ಕಲೆಗೆ ಇದು ಬೇಡ, ಇನ್ನಷ್ಟು ಹರಡುತ್ತದೆ. ಮೂಲೆಯಲ್ಲೊಂದು ಮಬ್ಬು ಗುರುತೂ ಬಂತು, ಅದು ನಾನು ಜೆಲ್ಲನ್ನು ಬೆರಳಲ್ಲಿ ಮುಟ್ಟಿದ್ದಕ್ಕೆ. ಸ್ವಾಬ್ ಹಾಕಿಯೇ ತೆಗೆಯಬೇಕಾಯಿತು. ಇದಕ್ಕೆ ಕೊಟ್ಟ ದುಡ್ಡು ದಂಡ ಅಂತಲೇ ನನ್ನ ಲೆಕ್ಕ.

ಸರ್ವಿಸ್ ಸೆಂಟರಿಗೆ ನಾನು ಕೊಡಲಿಲ್ಲ, ಗೆಳೆಯ ಕೊಟ್ಟ. 1,200 ರೂಪಾಯಿ, ಮೂರು ದಿನ. ನನ್ನ ಲ್ಯಾಪ್‌ಟಾಪಿನಲ್ಲಿ ಎಣಿಸಿದರೆ ಅವನದರಲ್ಲಿ 3 ಚುಕ್ಕೆ ಉಳಿದಿತ್ತು. ಅವರೂ ಮಾಡುವುದು ಸ್ವಾಬಿನ ಕೆಲಸವೇ. ಆದರೆ ಗೀರಾದರೆ ತಲೆನೋವು ಅವರದ್ದು. ಕೈ ನಡುಗುವವರು, ದುಬಾರಿ ಕ್ಯಾಮೆರಾ ಇಟ್ಟವರು ಅಲ್ಲಿಗೇ ಹೋಗಲಿ.

ಈಗ ನನ್ನ ಬ್ಯಾಗಿನಲ್ಲಿ ಬ್ಲೋವರ್ ಒಂದೇ ಇದೆ. ಸ್ವಾಬ್ ಪೊಟ್ಟಣ ಬೀರುವಿನಲ್ಲಿದೆ, ವರ್ಷಕ್ಕೊಮ್ಮೆ ಸಾಕು. ಹಕ್ಕಿ ಫೋಟೊ ಎಲ್ಲ ಎಫ್ 5.6, ಎಫ್ 8ರಲ್ಲೇ. ಆ ಉಳಿದ 1 ಚುಕ್ಕೆ ಮಾತ್ರ ಫೋಟೊದ ಮೇಲಂಚಿನಲ್ಲಿ, ಅಂದರೆ ಸೆನ್ಸರಿನ ಕೆಳಗಡೆ, ಇನ್ನೂ ಹಾಗೇ ಕೂತಿದೆ. ಮಳೆ ಶುರುವಾದ ಮೇಲೆ ನೋಡೋಣ.