ಕಾಡುಹೂವಿನ ಹೆಸರು ಯಾರನ್ನು ಕೇಳೋದು: ಆ್ಯಪ್, ದಪ್ಪ ಪುಸ್ತಕ, ಇಲ್ಲಾ ಊರಿನ ಹಿರಿಯರು?

ಮಳೆ ಇಳಿಯುವ ಹೊತ್ತಿಗೆ ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್ ದಾರಿ ಹಿಡಿದರೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ. ಬಂಡೆಯಿಂದ ನೀರು ಜಿನುಗುವ ಕಡೆ ಗುಲಾಬಿ ಬಣ್ಣದ ಕರ್ಣಕುಂಡಲ. ಪಶ್ಚಿಮ ಘಟ್ಟದಲ್ಲಿ ಈ ಕುಲದ, ಅಂದರೆ ಹತ್ತಿರದ ಸಂಬಂಧಿ ಗಿಡಗಳ ಗುಂಪಿನ, ಜಾತಿಗಳು ಎಷ್ಟೋ ಇವೆ. ಇದು ಯಾವುದು ಅಂತ ಕೇಳಿದಾಗ ಯಾರ ಉತ್ತರ ನಂಬಬಹುದು ಅನ್ನೋದನ್ನು ಇಲ್ಲೂ, ಮುಳ್ಳಯ್ಯನಗಿರಿಯಲ್ಲೂ, ಸಕಲೇಶಪುರದ ಆಚೆ ಬಿಸಿಲೆ ಕಡೆಯೂ ನೋಡಿದ್ದೇನೆ.

ಮೊದಲು ಫೋನು. ಕಮರಿ ಕಡೆ ಇಳಿದರೆ ನೆಟ್‌ವರ್ಕ್ ಹೋಗುತ್ತದೆ, ಹಾಗಾಗಿ ನನಗೆ ಇಷ್ಟವಾಗಿದ್ದು ಚಿತ್ರ ನೋಡಿ ಗಿಡದ ಹೆಸರು ಹೇಳುವ ಸೀಕ್ ಅನ್ನೋ ಆ್ಯಪ್. ಅದು ಇಂಟರ್ನೆಟ್ ಇಲ್ಲದೆಯೂ ಗುರುತಿಸುತ್ತದೆ, ಖಾತೆಯೂ ಬೇಡ. ಗೊತ್ತಾಗದಿದ್ದರೆ ಕುಲದ ಹೆಸರು ಹೇಳಿ ನಿಂತುಬಿಡುತ್ತದೆ. ಸುಮ್ನೆ ಏನೋ ಒಂದು ಹೆಸರು ಒದರುವುದಕ್ಕಿಂತ ಇದು ವಾಸಿ. ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್ ಅದರ ಅಣ್ಣ. ಚಿತ್ರ ತೆಗೆದಿಟ್ಟು ಮನೆಗೆ ಬಂದ ಮೇಲೆ ಹಾಕಿದರೂ ಆಯ್ತು, ಗಿಡ ಬಲ್ಲವರು ನೋಡಿ ಹೆಸರು ಸೂಚಿಸುತ್ತಾರೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ಮಾತ್ರ ಅದು ಸಂಶೋಧನೆಗೆ ಯೋಗ್ಯ ದಾಖಲೆ ಅನ್ನಿಸಿಕೊಳ್ಳುತ್ತದೆ.

ಆದರೆ ಚಿತ್ರ ಸರಿ ಇರಬೇಕು. ಹೂವಿನ ಮುಖ ಮಾತ್ರ ತೆಗೆದರೆ ಕರ್ಣಕುಂಡಲದ ಜಾತಿ ಹೇಳೋದು ಕಷ್ಟ. ಹಿಂದಿನ ಬಾಲದಂಥ ಕೊಂಡಿ ಎಷ್ಟು ಉದ್ದ, ಹೇಗೆ ಬಾಗಿದೆ, ಎಲೆ ಎದುರುಬದುರು ಇದೆಯಾ, ಇದೆಲ್ಲ ಕಾಣಬೇಕು. ಪಕ್ಕದಿಂದ ಒಂದು, ಎಲೆಯ ಅಡಿಭಾಗದ್ದೊಂದು, ಇಡೀ ಗಿಡದ್ದೊಂದು ಚಿತ್ರ ಕಡ್ಡಾಯ. ಮಂಜು, ಒದ್ದೆ ಬೆರಳು, ಕಾಲಿಗೆ ಇಂಬಳ. ಅಷ್ಟೆಲ್ಲದರ ನಡುವೆ ತೆಗೆಯಬೇಕು ಅನ್ನಿ.

ಕುರಿಂಜಿಯ ವಿಷಯದಲ್ಲಿ ಆ್ಯಪ್ ಸಾಲುವುದಿಲ್ಲ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲು ನೀಲಿಯಾದಾಗ ಎಲ್ಲರೂ ನೀಲಕುರಿಂಜಿ ಅಂತ ಒಂದೇ ಹೆಸರು ಹೇಳಿಕೊಂಡು ಓಡಾಡಿದರು. ನೀಲಕುರಿಂಜಿ ಹೂ ಬಿಡೋದು 12 ವರ್ಷಕ್ಕೊಮ್ಮೆ. ಅದೇ ಕುಲದ ಬೇರೆ ಗಿಡಗಳದ್ದು ಬೇರೆ ಲೆಕ್ಕ, ಕೆಲವು ಪ್ರತಿವರ್ಷ ಅರಳುತ್ತವೆ. ಇಂಥದ್ದಕ್ಕೆ ಪುಸ್ತಕವೇ ಬೇಕು.

ನಮ್ಮ ಪುಣ್ಯ, ಹಾಸನ ಜಿಲ್ಲೆಗೆ ಅಂತಲೇ ಒಂದು ಇದೆ: ಸಲ್ಡಾನ ಮತ್ತು ನಿಕೋಲ್ಸನ್ ಅವರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’, 1976ರದ್ದು. ಪುಟ 900 ದಾಟುತ್ತದೆ, ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತೋ ಮಾತೇ ಇಲ್ಲ. ಎಲೆ ಹೀಗಿದ್ದರೆ ಇತ್ತ, ಹಾಗಿದ್ದರೆ ಅತ್ತ ಅಂತ ಕವಲೊಡೆಯುತ್ತಾ ಜಾತಿಗೆ ಕರೆದೊಯ್ಯುವ ಕೀಲಿಗಳಿವೆ. ಒಂದು ಭೂತಗನ್ನಡಿ, ಬೇಕಾದಷ್ಟು ತಾಳ್ಮೆ ಇಟ್ಟುಕೊಂಡು ಕೂತರೆ ಆ್ಯಪ್ ಕುಲದಲ್ಲಿ ನಿಂತ ಕಡೆಯಿಂದ ಇದು ಮುಂದೆ ಹೋಗುತ್ತದೆ. ಸಸ್ಯಶಾಸ್ತ್ರದ ಇಂಗ್ಲಿಷ್ ಬಾರದವರಿಗೆ ಮಾತ್ರ ಕಬ್ಬಿಣದ ಕಡಲೆ. ಕೆಲವು ಹೆಸರು ಆಮೇಲೆ ಬದಲಾಗಿವೆ, ಆನ್‌ಲೈನ್‌ನಲ್ಲಿ ತಾಳೆ ನೋಡಬೇಕು. ಘಟ್ಟದ ಬಹಳಷ್ಟು ಗಿಡಗಳು ಎರಡೂ ಕಡೆ ಇರೋದರಿಂದ ಚಿಕ್ಕಮಗಳೂರಿಗೂ ಉಪಯೋಗಕ್ಕೆ ಬರುತ್ತದೆ.

ಇನ್ನು ತೋಟದಲ್ಲಿ ಕೆಲಸ ಮಾಡುವ ಹಿರಿಯರು. ಅವರ ಹತ್ತಿರ ಲ್ಯಾಟಿನ್ ಹೆಸರು ಸಿಗೋಲ್ಲ. ಆದರೆ ಹೂವಿಲ್ಲದ ಗಿಡವನ್ನು ಗುರುತಿಸೋದರಲ್ಲಿ ಅವರನ್ನು ಮೀರಿಸೋರಿಲ್ಲ. ಮರದ ಕವಲಿನಲ್ಲಿ ಬೆಳೆಯುವ ಮರಕೆಸ ತೋರಿಸಿ, ಪತ್ರೊಡೆಗೆ ಯಾವ ಎಲೆ ಆಗುತ್ತದೆ, ಯಾವುದು ಗಂಟಲು ಕೆರೆಯುತ್ತದೆ, ಹುಣಸೆ ಎಷ್ಟು ಹಾಕಬೇಕು, ಎಲ್ಲ ಹೇಳುತ್ತಾರೆ. ತುರಚೆ ಗಿಡಕ್ಕೆ ನಮ್ಮ ಕೈ ತಾಗುವ ಮೊದಲೇ ಹಿಂದಕ್ಕೆ ಎಳೆಯುತ್ತಾರೆ. ಆ್ಯಪ್‌ಗೆ ಆ ಸಮಯ ಎಲ್ಲಿದೆ?

ತಿನ್ನೋ ಮಾತು ಬಂದರೆ ಆ್ಯಪ್ ಪಕ್ಕಕ್ಕಿಡಿ. ಬೇಲಿಯಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಇದೆ, ಜೀವ ತೆಗೆಯುವಷ್ಟು ವಿಷ.

ಒಂದೇ ಆರಿಸು ಅಂದರೆ? ಹೊಸಬರಿಗೆ ಸೀಕ್ ಸಾಕು. ಹೂವಿನ ಹುಚ್ಚು ಜಾಸ್ತಿ ಆದರೆ ಐನ್ಯಾಚುರಲಿಸ್ಟ್‌ಗೆ ಬನ್ನಿ, ಪುಸ್ತಕ ಆಮೇಲೆ. ಯಾವುದಾದರೂ ಸರಿ, ಕಿತ್ತು ತರೋದು ಬೇಡ. ಹೆಬ್ಬೆ ಜಲಪಾತದ ಕಡೆಯ ಕಾಡು ಭದ್ರಾ ಹುಲಿ ಮೀಸಲಿಗೆ ಸೇರಿದ್ದು, ಅಲ್ಲಿ ಗಿಡ ಕೀಳೋದು ಕಾನೂನಿನ ಪ್ರಕಾರ ಅಪರಾಧ.